ಲಿಫ್ಟ್‌ಗೂ ಒಂದು ಪಿಗ್ಮಿ ಬೇಕು

ಉಡುಪಿ ಜಿಲ್ಲೆಯ ಎರ್ಮಾಳಿನಿಂದ ಕಾಪುವಿನ ಕಡೆಗೆ ಹೆದ್ದಾರಿ 66ರಲ್ಲಿ ಹೊರಟರೆ ಪಶ್ಚಿಮಕ್ಕೆ ತೆಂಗಿನ ತೋಟದಾಚೆ ಕಡಲು, ಪೂರ್ವಕ್ಕೆ ಗದ್ದೆ, ನಡುನಡುವೆ ಹೊಸದಾಗಿ ಎದ್ದ ಎರಡಂತಸ್ತಿನ ಮನೆಗಳು. ಮುಂಬೈಯ ಹೋಟೆಲಿನಲ್ಲೋ ಗಲ್ಫಿನ ಕಂಪನಿಯಲ್ಲೋ ಬೆಂಗಳೂರಿನ ಐಟಿ ಕಚೇರಿಯಲ್ಲೋ ದುಡಿದ ಹಣ ಊರಿಗೆ ಬಂದು ಗೋಡೆಯಾಗಿ ನಿಲ್ಲುವುದು ಇಲ್ಲಿ ಹಳೆಯ ಕಥೆ. ಹೊಸತೆಂದರೆ, ಆ ಮನೆಗಳ ನಕ್ಷೆಯಲ್ಲಿ ಮೆಟ್ಟಿಲಿನ ಪಕ್ಕ ಕಾಣಿಸಿಕೊಳ್ಳುತ್ತಿರುವ ಐದಡಿ ಚೌಕದ ಒಂದು ಗುರುತು. ಮಣಿಪಾಲದ ಫ್ಲ್ಯಾಟುಗಳಲ್ಲಿ, ಉಡುಪಿಯ ಲಾಡ್ಜುಗಳಲ್ಲಿ ನಾವು ಕಂಡ ಲಿಫ್ಟ್ ಈಗ ಹಳ್ಳಿಯ ಸ್ವಂತ ಮನೆಯೊಳಗೂ ಬರುತ್ತಿದೆ. ಅದು ಬರಬಾರದು ಎಂದು ನಾನು ಹೇಳುತ್ತಿಲ್ಲ. ಬರುವ ಮೊದಲು ಅದರ ಹದಿನೈದು ವರ್ಷದ ಖರ್ಚನ್ನು ಮನೆಯವರೆಲ್ಲ ಒಟ್ಟಿಗೆ ಕೂತು ಲೆಕ್ಕ ಹಾಕಬೇಕು, ಆ ಖರ್ಚಿಗೆಂದೇ ಮೊದಲ ದಿನದಿಂದ ಹಣ ತೆಗೆದಿಡಬೇಕು, ಅಷ್ಟು ಸಾಧ್ಯವಾಗದಿದ್ದರೆ ಲಿಫ್ಟ್ ಕೂರಿಸಬಾರದು. ಇದು ನನ್ನ ಸ್ಪಷ್ಟ ಅಭಿಪ್ರಾಯ.

ಮೊದಲಿಗೆ ಲಿಫ್ಟಿನ ಪರವಾಗಿ ಹೇಳಬೇಕಾದದ್ದನ್ನು ಹೇಳಿಬಿಡೋಣ. ಮನೆ ಕಟ್ಟಿಸಿದ ಮಗ ಅಥವಾ ಮಗಳು ದೂರದ ಊರಲ್ಲಿ, ಮನೆಯಲ್ಲಿ ದಿನ ಕಳೆಯುವವರು ಎಪ್ಪತ್ತು ದಾಟಿದ ಅಪ್ಪ ಅಮ್ಮ. ಇಂಥ ಮನೆಗಳು ಕರಾವಳಿಯಲ್ಲಿ ಬೇಕಾದಷ್ಟಿವೆ. ಗಂಟುನೋವಿನ ಕಾಲಿಗೆ ಹದಿನೆಂಟು ಮೆಟ್ಟಿಲು ಹದಿನೆಂಟು ಪರೀಕ್ಷೆ. ಹತ್ತುವುದಕ್ಕಿಂತ ಇಳಿಯುವುದು ಇನ್ನೂ ಕಷ್ಟ. ಒಮ್ಮೆ ಜಾರಿ ಸೊಂಟದ ಮೂಳೆ ಮುರಿದರೆ ಶಸ್ತ್ರಚಿಕಿತ್ಸೆಯ ಬಿಲ್ಲು ಒಂದು ಕಡೆ, ಮತ್ತೆಂದೂ ಮೊದಲಿನಂತೆ ನಡೆಯಲಾಗದ ಸಂಕಟ ಇನ್ನೊಂದು ಕಡೆ. ಹಳೆಯ ಗುತ್ತಿನ ಮನೆಗಳಲ್ಲಿ ಉಪ್ಪರಿಗೆ ಇದ್ದರೂ ಹಿರಿಯರ ಮಲಗುವಿಕೆ, ಊಟ, ಮಾತುಕತೆ ಎಲ್ಲ ಚಾವಡಿಯ ಆಸುಪಾಸಿನಲ್ಲೇ ಮುಗಿಯುತ್ತಿತ್ತು. ಇಂದಿನ ನಕ್ಷೆಯಲ್ಲಿ ಒಳ್ಳೆಯ ಗಾಳಿ ಬೆಳಕಿನ ಕೋಣೆಗಳು ಮೇಲಿವೆ, ಬಟ್ಟೆ ಒಣಗಿಸುವ ತಾರಸಿಯೂ ಮೇಲೆ. ಹಾಗಾಗಿ ಹಿರಿಯರಿಗೆ ಅವರದೇ ಮನೆಯ ಅರ್ಧ ಭಾಗವನ್ನು ಮರಳಿ ಕೊಡುವ ಯಂತ್ರವನ್ನು ಆಡಂಬರ ಎನ್ನುವುದು ಅನ್ಯಾಯ. ಅದು ಹಿರಿಯರ ಕಾಲಿನ ಬದಲಿಗೆ ಬರುವ ಯಂತ್ರವಾದ್ದರಿಂದಲೇ, ನಾಲ್ಕನೇ ವರ್ಷಕ್ಕೆ ಕೆಟ್ಟು ನಿಲ್ಲಲು ಬಿಡಬಾರದು.

ತೊಂದರೆ ಶುರುವಾಗುವುದು ಕೊಟೇಶನ್ನಿನಿಂದ. ಅದರ ಕೆಳಗೆ ದಪ್ಪಕ್ಷರದಲ್ಲಿ ಒಂದೇ ಮೊತ್ತ ಇರುತ್ತದೆ, ಮನೆಯವರ ಚೌಕಾಸಿಯೆಲ್ಲ ಅದರ ಮೇಲೆಯೇ. ಆ ಮೊತ್ತ ಹತ್ತು ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಒಂದು ವರ್ಷದ ವಾರಂಟಿ ಮುಗಿದ ಮೇಲೆ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆಯ ಒಪ್ಪಂದ ಶುರುವಾಗುತ್ತದೆ. ಲಿಫ್ಟಿನ ಬೆಲೆಯ ಶೇ. 3ರಷ್ಟು, ಅಂದರೆ ವರ್ಷಕ್ಕೆ 30,000 ರೂಪಾಯಿ ಎಂದು ಹಿಡಿಯೋಣ. ಈ ದರ ಪ್ರತಿ ವರ್ಷ ಶೇ. 7ರಷ್ಟು ಏರುತ್ತ ಹೋದರೆ ಹದಿನೈದನೇ ವರ್ಷದಲ್ಲಿ ಅದೇ ಒಪ್ಪಂದಕ್ಕೆ 72,000 ರೂಪಾಯಿ ದಾಟುತ್ತದೆ. ಹದಿನಾಲ್ಕು ವರ್ಷಗಳ ಎಎಂಸಿ ಕೂಡಿಸಿದರೆ ಸುಮಾರು 6 ಲಕ್ಷ 77 ಸಾವಿರ. ಸೇವೆಯ ಮೇಲಿನ ಶೇ. 18ರ ಜಿಎಸ್‌ಟಿ ಸೇರಿಸಿದರೆ ಹತ್ತಿರ ಹತ್ತಿರ 8 ಲಕ್ಷ. ಇಷ್ಟು ಕೊಟ್ಟರೂ ಸಾಮಾನ್ಯ ಒಪ್ಪಂದದಲ್ಲಿ ಸಿಗುವುದು ಕೆಲಸಗಾರರ ಕೈಕೆಲಸ, ಎಣ್ಣೆ, ತಪಾಸಣೆ ಮಾತ್ರ. ಬಿಡಿಭಾಗದ ಬೆಲೆ ಬೇರೆ.

ಬಿಡಿಭಾಗಗಳೂ ತಮ್ಮ ತಮ್ಮ ಆಯುಷ್ಯ ಹೊತ್ತೇ ಬರುತ್ತವೆ. ಕರೆಂಟು ಹೋದಾಗ ಲಿಫ್ಟನ್ನು ಹತ್ತಿರದ ಅಂತಸ್ತಿಗೆ ತಂದು ಬಾಗಿಲು ತೆರೆಯುವ ಎಆರ್‌ಡಿ ಎಂಬ ಸಾಧನ ಬ್ಯಾಟರಿಯ ಮೇಲೆ ನಡೆಯುವಂಥದು. ಆ ಬ್ಯಾಟರಿ ನಮ್ಮ ಇನ್ವರ್ಟರ್ ಬ್ಯಾಟರಿಯ ಹಾಗೆಯೇ, ಮೂರು ವರ್ಷಕ್ಕೊಮ್ಮೆ ಬದಲಿಸಬೇಕು ಎಂದು ಲೆಕ್ಕ ಇಡುವುದು ಕ್ಷೇಮ. ಒಂದು ಸೆಟ್ಟಿಗೆ 12,000 ಎಂದರೆ ನಾಲ್ಕು ಸಲಕ್ಕೆ ಅರ್ಧ ಲಕ್ಷ. ಹಗ್ಗದ ಮಾದರಿಯಲ್ಲಿ ಉಕ್ಕಿನ ರೋಪು, ಹೈಡ್ರಾಲಿಕ್ ಮಾದರಿಯಲ್ಲಿ ಎಣ್ಣೆ ಮತ್ತು ಸೀಲು, ಎಲ್ಲ ಮಾದರಿಗಳಲ್ಲೂ ಬಾಗಿಲಿನ ರೋಲರು, ಸ್ವಿಚ್ಚು, ಕಂಟ್ರೋಲರ್ ಕಾರ್ಡು. ಇವಕ್ಕೆಲ್ಲ ಹದಿನೈದು ವರ್ಷದಲ್ಲಿ ಎರಡೂವರೆ ಲಕ್ಷ ಹಿಡಿಯೋಣ. ಎಎಂಸಿ, ಬ್ಯಾಟರಿ ಎಲ್ಲ ಸೇರಿ ಒಟ್ಟು 11 ಲಕ್ಷ ರೂಪಾಯಿ. ಹತ್ತು ಲಕ್ಷದ ಲಿಫ್ಟನ್ನು ಹದಿನೈದು ವರ್ಷ ಓಡಿಸಲು ಹನ್ನೊಂದು ಲಕ್ಷ ಬೇಕು. ಕೊಂಡದ್ದು ಒಂದು ಲಿಫ್ಟ್, ದುಡ್ಡು ತೆರುವುದು ಎರಡಕ್ಕೆ. ಈ ಅಂಕೆಗಳು ನಾನು ಲೆಕ್ಕಕ್ಕೆಂದು ಹಿಡಿದವು. ನಿಮ್ಮ ಕೊಟೇಶನ್ನಿನಲ್ಲಿ ಬೇರೆ ಇದ್ದರೆ ಆ ಅಂಕೆಗಳನ್ನೇ ಹಾಕಿ ನೋಡಿ. ಮೊತ್ತ ಹೆಚ್ಚು ಕಡಿಮೆಯಾದೀತು, ಆದರೆ ಮುಂದಿನ ಖರ್ಚು ಮೊದಲ ಬೆಲೆಯ ಆಸುಪಾಸಿನದು ಎಂಬ ಪಾಠ ಬದಲಾಗುವುದು ಕಷ್ಟ.

ಕರೆಂಟಿನ ವಿಷಯದಲ್ಲಿ ನಮ್ಮ ಜನರ ಹೆದರಿಕೆ ತಪ್ಪು ಜಾಗದಲ್ಲಿದೆ. ಲಿಫ್ಟ್ ಎಂದಕೂಡಲೇ ಮೆಸ್ಕಾಂ ಬಿಲ್ಲು ಏರುತ್ತದೆಯೇ ಎಂದು ಮೊದಲು ಕೇಳುವವರೇ ಹೆಚ್ಚು. 2.2 ಕಿಲೋವ್ಯಾಟ್ ಮೋಟಾರು ಒಂದು ಸಲಕ್ಕೆ ಅರ್ಧ ನಿಮಿಷ ಓಡಿದರೆ ಒಂದು ಯುನಿಟ್ಟಿನ ಐವತ್ತರಲ್ಲಿ ಒಂದು ಪಾಲೂ ಖರ್ಚಾಗುವುದಿಲ್ಲ. ದಿನಕ್ಕೆ ಇಪ್ಪತ್ತು ಸಲ ಓಡಿದರೂ ತಿಂಗಳಿಗೆ 11 ಯುನಿಟ್. ಆದರೆ ಲಿಫ್ಟ್ ಸುಮ್ಮನೆ ನಿಂತಿರುವಾಗಲೂ ಅದರ ಕಂಟ್ರೋಲರು, ಬಟನ್ನಿನ ದೀಪ, ಬ್ಯಾಟರಿ ಚಾರ್ಜರು ಕರೆಂಟು ಹೀರುತ್ತಲೇ ಇರುತ್ತವೆ. ಅದು 50 ವ್ಯಾಟ್ ಎಂದು ಹಿಡಿದರೂ ತಿಂಗಳಿಗೆ 36 ಯುನಿಟ್, ಓಡಾಟಕ್ಕಿಂತ ಮೂರು ಪಟ್ಟು. 2023ರಲ್ಲಿ ಬಂದ ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಯಲ್ಲಿ 200 ಯುನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. 170ರ ಆಸುಪಾಸಿನಲ್ಲಿರುವ ಮನೆಯನ್ನು ಆ ಗೆರೆ ದಾಟಿಸಲು ಈ 47 ಯುನಿಟ್ ಸಾಕು. ಮಂಜೂರಾದ ಲೋಡು ಹೆಚ್ಚಿಸಿಕೊಂಡರೆ ಪ್ರತಿ ಕಿಲೋವ್ಯಾಟಿಗೆ ಬೀಳುವ ನಿಗದಿ ಶುಲ್ಕವೂ ತಿಂಗಳು ತಿಂಗಳು ಬರುತ್ತದೆ, ಲಿಫ್ಟ್ ಓಡಲಿ ಬಿಡಲಿ. ಇಷ್ಟಾದರೂ ಎಎಂಸಿ ಮತ್ತು ಬಿಡಿಭಾಗದ ಮುಂದೆ ಕರೆಂಟು ಸಣ್ಣ ಬಾಬ್ತು. ಹೆದರಬೇಕಾದ್ದು ದೊಡ್ಡ ಬಾಬ್ತಿಗೆ.

ಮೇಲಿನ ಲೆಕ್ಕ ಬೆಂಗಳೂರಿಗೂ ಹೊಂದುತ್ತದೆ. ಎರ್ಮಾಳಿಗೆ ಇನ್ನೊಂದು ಬಾಬ್ತು ಸೇರಿಸಬೇಕು, ಅದು ಕಡಲಿನದು. ಇಲ್ಲಿ ಕಬ್ಬಿಣದ ಗೇಟಿಗೆ ಬಣ್ಣ ಬಳಿದು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಹೊಪ್ಪಳಿಕೆ ಎದ್ದು ಬರುವುದನ್ನು ಎಲ್ಲರೂ ಕಂಡಿದ್ದಾರೆ. ಅದೇ ಉಪ್ಪುಗಾಳಿ ಲಿಫ್ಟಿನ ಗೈಡ್ ರೈಲಿಗೂ ರೋಪಿಗೂ ಸ್ಕ್ರೂಗಳಿಗೂ ತಗಲುತ್ತದೆ, ಕಾರ್ಡಿನ ಬೆಸುಗೆಯ ಮೇಲೂ ಕೂರುತ್ತದೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಆ ನಾಲ್ಕು ತಿಂಗಳು ಗೋಡೆಯೇ ಬೆವರುತ್ತದೆ. ಮಳೆಯ ಮೊದಲೂ ಕೊನೆಯಲ್ಲೂ, ಮೇ ತಿಂಗಳ ಸಂಜೆಗಳಲ್ಲಿ, ಅಕ್ಟೋಬರಿನಲ್ಲಿ, ಸಿಡಿಲು. ಒಂದು ಸಿಡಿಲಿಗೆ ಟಿವಿ ಹೋದರೆ ಇನ್ನೊಂದು ಟಿವಿ ತರಬಹುದು. ಲಿಫ್ಟಿನ ಕಾರ್ಡು ಹೋದರೆ ಅದು ಆ ಕಂಪನಿಯಿಂದಲೇ ಬರಬೇಕು, ಹೊರದೇಶದ ಮಾದರಿಯಾದರೆ ವಾರಗಟ್ಟಲೆ ಕಾಯಬೇಕು. ಒಳ್ಳೆಯ ಅರ್ತಿಂಗು, ಸರ್ಜ್ ತಡೆಯುವ ಸಾಧನ, ಕಂಟ್ರೋಲರ್ ಪೆಟ್ಟಿಗೆಗೆ ಇರುವೆ ಹಲ್ಲಿ ನುಗ್ಗದಂತೆ ಮುಚ್ಚಳ, ಇವೆಲ್ಲ ಮೊದಲೇ ಮಾಡಿಸಿದರೆ ಕೆಲವು ಸಾವಿರ. ಮಾಡಿಸದಿದ್ದರೆ ಒಂದೇ ರಾತ್ರಿಗೆ ಲಕ್ಷದ ಮಾತು.

ಲಿಫ್ಟಿನ ತಳದ ಗುಂಡಿಯನ್ನು, ಅಂದರೆ ಪಿಟ್ಟನ್ನು, ಒಮ್ಮೆ ಹತ್ತಿರದಿಂದ ನೋಡಬೇಕು. ಮಾದರಿಗೆ ತಕ್ಕಂತೆ ಅದು ಅರ್ಧ ಅಡಿಯಿಂದ ಐದಡಿಯವರೆಗೂ ಆಳವಿರುತ್ತದೆ. ಎರ್ಮಾಳಿನಂಥ ಕಡಲತಡಿಯ ಊರಿನಲ್ಲಿ ಮಳೆಗಾಲದ ನಡುವಿನ ಆಟಿ ತಿಂಗಳ ಹೊತ್ತಿಗೆ ಬಾವಿಯ ನೀರು ಕೈಗೆಟಕುವಷ್ಟು ಮೇಲೆ ಬಂದಿರುತ್ತದೆ. ಬಾವಿಗೆ ಬರುವ ನೀರಿಗೆ ಪಿಟ್ಟಿನ ದಾರಿ ಗೊತ್ತಿಲ್ಲವೆಂದಿಲ್ಲ. ವಾಟರ್‌ಪ್ರೂಫಿಂಗ್ ಸರಿಯಾಗಿಲ್ಲದಿದ್ದರೆ ಗೋಡೆ ಮತ್ತು ತಳ ಸೇರುವ ಮೂಲೆಯಲ್ಲಿ ಮೊದಲು ಒಂದು ಕಪ್ಪು ಗೆರೆ, ಆಮೇಲೆ ಒರತೆ, ಕೊನೆಗೆ ಗೇಣುದ್ದ ನೀರು. ಬಾಗಿಲು ಮುಚ್ಚಿರುವುದರಿಂದ ಮನೆಯವರ ಕಣ್ಣಿಗೆ ಬೀಳುವುದಿಲ್ಲ. ಆ ನೀರಲ್ಲಿ ಬಫರಿನ ಸ್ಪ್ರಿಂಗು ತುಕ್ಕು ಹಿಡಿಯುತ್ತದೆ, ತಳದ ಸ್ವಿಚ್ಚಿನೊಳಗೆ ತೇವ ಸೇರುತ್ತದೆ, ಸೊಳ್ಳೆ ಮೊಟ್ಟೆ ಇಡುತ್ತದೆ. ಒಂದು ದಿನ ಲಿಫ್ಟ್ ನಿಂತಾಗ ಯಂತ್ರ ಕೆಟ್ಟಿತು ಎಂದು ಎಲ್ಲರೂ ದೂರುತ್ತಾರೆ. ಕೆಟ್ಟಿರುವುದು ಕಾಂಕ್ರೀಟು ಹಾಕಿದ ದಿನವೇ. ಅದನ್ನು ಆಮೇಲೆ ಸರಿಪಡಿಸಲು ಲಿಫ್ಟನ್ನೇ ಮೇಲೆ ಕಟ್ಟಿ ನಿಲ್ಲಿಸಿ ಕೆಲಸ ಮಾಡಬೇಕಾಗುತ್ತದೆ.

ವರ್ಷ ವರ್ಷ ಖರ್ಚು ಬೇಡುವ ವಸ್ತುವನ್ನು ಸಾಕಿ ಉಳಿಸಿಕೊಳ್ಳುವುದು ಈ ಕರಾವಳಿಗೆ ಹೊಸ ವಿದ್ಯೆಯೇನಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ದಿನಗಳಲ್ಲಿ ಮಲ್ಪೆ ಬಂದರಿಗೆ ಹೋಗಿ ನೋಡಿ. ದಡಕ್ಕೇರಿಸಿದ ಬೋಟುಗಳ ತಳ ಕೆರೆದು, ಮರ ಬದಲಿಸಿ, ಬಣ್ಣ ಬಳಿದು, ಎಂಜಿನ್ ಬಿಚ್ಚಿ ಜೋಡಿಸುತ್ತಾರೆ, ಬಲೆ ಹೆಣೆಯುತ್ತಾರೆ. ಬೋಟು ಕೊಂಡ ಯಾರೂ ಅದರ ಬೆಲೆಯನ್ನು ಖರೀದಿಯ ದಿನಕ್ಕೆ ಮುಗಿಸುವುದಿಲ್ಲ. ಮಳೆಗಾಲದ ರಿಪೇರಿಗೆ ಹಣ ಬೇಕು ಎಂಬುದು ಅವರ ಲೆಕ್ಕದ ಮೊದಲ ಸಾಲು. ಕಡಲಿನ ಜೊತೆ ಬದುಕುವವರಿಗೆ ಉಪ್ಪು ಯಾವುದನ್ನೂ ಬಿಡುವುದಿಲ್ಲ ಎಂದು ಗೊತ್ತು. ಮನೆಯೊಳಗಿನ ಲಿಫ್ಟ್ ಗಾಜು ಸ್ಟೀಲಿನಲ್ಲಿ ಮಿರುಗುವುದರಿಂದ ನಾವು ಅದನ್ನು ಪೀಠೋಪಕರಣದಂತೆ ನೋಡುತ್ತೇವೆ. ಅದನ್ನು ಬೋಟಿನಂತೆ ನೋಡಬೇಕು.

ಹಣ ಕೂಡಿಡುವ ದಾರಿಯನ್ನೂ ಈ ನೆಲವೇ ಕಲಿಸಿದೆ. 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವರು ಹುಟ್ಟುಹಾಕಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಆ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಒಟ್ಟಿಗೆ ಕೊಡಲಾಗದ ಮೊತ್ತವನ್ನು ದಿನದಿನಕ್ಕೆ ಹಂಚಿಬಿಡುವ ಆ ಸರಳ ಬುದ್ಧಿ ಇಂದಿನ ಲಿಫ್ಟಿಗೂ ಒಪ್ಪುತ್ತದೆ. 11 ಲಕ್ಷವನ್ನು ಹದಿನೈದು ವರ್ಷಕ್ಕೆ ಹಂಚಿದರೆ ದಿನಕ್ಕೆ 200 ರೂಪಾಯಿ. ಮೊದಲ ವರ್ಷಗಳಲ್ಲಿ ಖರ್ಚು ಕಡಿಮೆ ಇರುವುದರಿಂದ ಹಣ ಬೆಳೆಯುತ್ತದೆ, ರೋಪು ಕಾರ್ಡು ಬದಲಿಸುವ ಹತ್ತನೇ ವರ್ಷದ ಹೊತ್ತಿಗೆ ಅದು ಕೈಗೆ ಸಿಗುತ್ತದೆ. ಬರುವ ಬಡ್ಡಿಯನ್ನು ಬಿಡಿಭಾಗಗಳ ಬೆಲೆಯೇರಿಕೆ ತಿಂದುಹಾಕೀತು, ಅದನ್ನು ಲಾಭಕ್ಕೆ ಹಿಡಿಯುವುದು ಬೇಡ. ಪಿಗ್ಮಿಯೋ, ಸಹಕಾರಿ ಸಂಘದ ಆರ್‌ಡಿಯೋ, ಅಂಚೆ ಕಚೇರಿಯದೋ ಯಾವುದಾದರೂ ಆಗಲಿ. ಖಾತೆ ಪ್ರತ್ಯೇಕವಾಗಿರಬೇಕು, ಮನೆಖರ್ಚಿಗೆ ಅದನ್ನು ಮುಟ್ಟಬಾರದು.

ಇಷ್ಟೆಲ್ಲ ತಲೆಬಿಸಿ ಯಾಕೆ, ಮಕ್ಕಳು ದುಡಿಯುತ್ತಿದ್ದಾರೆ, ಕೆಟ್ಟಾಗ ಕಳಿಸುತ್ತಾರೆ ಎಂಬ ಮಾತು ಕೇಳಿಬರುತ್ತದೆ. ಈ ಮಾತಿನಲ್ಲಿ ಪ್ರೀತಿಯಿದೆ, ಲೆಕ್ಕವಿಲ್ಲ. ನಲವತ್ತೈದನೇ ವಯಸ್ಸಿನಲ್ಲಿ ಊರಲ್ಲಿ ಮನೆ ಕಟ್ಟಿಸಿದ ಮಗ ಲಿಫ್ಟಿಗೆ ಹದಿನೈದು ತುಂಬುವಾಗ ಅರವತ್ತರ ಹೊಸ್ತಿಲಲ್ಲಿರುತ್ತಾನೆ. ಗಲ್ಫಿನ ಕೆಲಸವಾದರೆ ಅದಕ್ಕೂ ಮೊದಲೇ ಮುಗಿದಿರಬಹುದು. ಯಂತ್ರದ ಖರ್ಚು ಏರುವ ವರ್ಷಗಳೂ ದುಡಿಮೆ ಇಳಿಯುವ ವರ್ಷಗಳೂ ಒಂದೇ. ಅಷ್ಟರಲ್ಲಿ ಲಿಫ್ಟನ್ನು ನೆಚ್ಚಿಕೊಂಡವರ ವಯಸ್ಸೂ ಹದಿನೈದು ವರ್ಷ ಮುಂದೆ ಹೋಗಿರುತ್ತದೆ. ಮೊದಲ ವರ್ಷ ಲಿಫ್ಟ್ ಕೆಟ್ಟರೆ ಮೆಲ್ಲ ಮೆಟ್ಟಿಲು ಹತ್ತಬಲ್ಲ ಅಮ್ಮ ಹನ್ನೆರಡನೇ ವರ್ಷ ಹತ್ತಲಾರಳು. ದುಬೈಯಿಂದ ಹಣ ಒಂದು ಗಂಟೆಯಲ್ಲಿ ಬಂದೀತು. ಜುಲೈ ಮಳೆಯಲ್ಲಿ ಉಡುಪಿಯಿಂದಲೋ ಮಂಗಳೂರಿನಿಂದಲೋ ಮೆಕ್ಯಾನಿಕ್ ಬರುವುದು, ಬಿಡಿಭಾಗ ಬೇರೆ ಊರಿನಿಂದ ತರಿಸುವುದು ಅಷ್ಟು ಬೇಗ ಆಗುವುದಿಲ್ಲ. ಅಷ್ಟು ದಿನ ಅಮ್ಮ ಮೇಲೆಯೇ ಉಳಿಯಬೇಕು.

ಇನ್ನು ಕೆಲವರು ಎಎಂಸಿ ದಂಡ, ತೊಂದರೆ ಬಂದಾಗ ಊರಿನ ಎಲೆಕ್ಟ್ರಿಷಿಯನ್ನನ್ನು ಕರೆದರಾಯಿತು ಎನ್ನುತ್ತಾರೆ. ಇದು ಅತ್ಯಂತ ಅಪಾಯದ ಮಾತು. ಲಿಫ್ಟಿನ ಬಾಗಿಲ ಬೀಗದಲ್ಲಿ ಬೆರಳ ತುದಿಯಷ್ಟು ಸಣ್ಣ ಲೋಹದ ಕಾಂಟ್ಯಾಕ್ಟ್ ಇದೆ. ಬಾಗಿಲು ಪೂರ್ತಿ ಮುಚ್ಚಿ ಆ ಎರಡು ತುಂಡುಗಳು ಕೂಡಿದರೆ ಮಾತ್ರ ಮೋಟಾರಿಗೆ ಅಪ್ಪಣೆ. ಉಪ್ಪುಗಾಳಿಗೆ ಅದರ ಮೇಲೆ ಹಸಿರು ಕಿಲುಬು ಕೂತರೆ ಲಿಫ್ಟ್ ಏಳುವುದಿಲ್ಲ. ತಿಳಿಯದವರು ಅಲ್ಲೊಂದು ತುಂಡು ವಯರು ಸಿಕ್ಕಿಸಿ ಓಡಿಸಿಬಿಡುತ್ತಾರೆ. ಮನೆಯವರಿಗೆ ರಿಪೇರಿಯಾಯಿತು ಎಂಬ ಸಮಾಧಾನ. ಆದರೆ ಇನ್ನುಮುಂದೆ ಆ ಬಾಗಿಲು ತೆರೆದಿದ್ದರೂ ಲಿಫ್ಟ್ ಹೊರಡುತ್ತದೆ. ಮಬ್ಬುಗಣ್ಣಿನ ಅಜ್ಜಿ ಬಾಗಿಲು ಎಳೆದು ಕಾಲಿಟ್ಟರೆ ಅಲ್ಲಿ ಪೆಟ್ಟಿಗೆ ಇಲ್ಲದಿರಬಹುದು. 1854ರಲ್ಲಿ ನ್ಯೂಯಾರ್ಕಿನಲ್ಲಿ ಎಲಿಶಾ ಓಟಿಸ್ ಜನರೆದುರು ಲಿಫ್ಟಿನ ಹಗ್ಗ ಕತ್ತರಿಸಿ ತೋರಿಸಿದ್ದು ಎತ್ತುವ ಶಕ್ತಿಯನ್ನಲ್ಲ, ಹಗ್ಗ ಕಡಿದರೂ ಬೀಳದ ಬ್ರೇಕನ್ನು. ಆ ಭರವಸೆಯನ್ನು ತಿಂಗಳು ತಿಂಗಳು ಪರೀಕ್ಷಿಸಿ ಉಳಿಸುವ ಕೆಲಸದ ಹೆಸರೇ ನಿರ್ವಹಣೆ. ಭಾರತೀಯ ಮಾನಕ ಬ್ಯೂರೊ ಮನೆಯ ಲಿಫ್ಟ್‌ಗೆಂದೇ ತಂದ ಐಎಸ್ 15259 ಸಂಹಿತೆಯ ಹೆಸರಿನಲ್ಲಿ ಅಳವಡಿಕೆಯ ಜೊತೆಗೇ ನಿರ್ವಹಣೆಯೂ ಇದೆ. ಕರ್ನಾಟಕದಲ್ಲಿ 1974ರಲ್ಲೇ ಲಿಫ್ಟ್ ಕಾಯ್ದೆ ಬಂದಿತ್ತು, 2012ರದು ಅದರ ಹೊಸ ರೂಪ. ಅನುಮತಿ, ಪರವಾನಗಿ, ತಪಾಸಣೆಗಳನ್ನು ನೋಡುವುದು ವಿದ್ಯುತ್ ಪರಿವೀಕ್ಷಣಾಲಯ. ಆ ಕಾಗದಪತ್ರ ಯಾರು ಮಾಡಿಸುತ್ತಾರೆ, ಶುಲ್ಕ ಯಾರದು ಎಂಬುದೂ ಒಪ್ಪಂದದಲ್ಲಿ ಇರಬೇಕು.

ಈಗಿನ ಮಾದರಿಗಳಿಗೆ ನಿರ್ವಹಣೆಯೇ ಬೇಡ ಎಂದು ಮಾರುವವರು ಹೇಳುವುದುಂಟು. ಗಾಳಿಯ ಒತ್ತಡದ ಮಾದರಿಗೆ ರೋಪಿಲ್ಲ, ನಿಜ, ಆದರೆ ರಬ್ಬರ್ ಸೀಲಿದೆ. ಹೈಡ್ರಾಲಿಕ್ ಮಾದರಿಗೆ ಎದುರುತೂಕವಿಲ್ಲದಿರಬಹುದು, ಆದರೆ ಎಣ್ಣೆಯಿದೆ, ಪಂಪಿದೆ. ಸ್ಕ್ರೂ ಮಾದರಿಗೆ ಆಳದ ಪಿಟ್ ಬೇಡ, ಆದರೆ ಅದರ ನಟ್ಟು ಸವೆಯುತ್ತದೆ. ಚಲಿಸುವ ಯಾವುದೂ ಸವೆಯದೆ ಇರುವುದಿಲ್ಲ, ಸವೆತಕ್ಕೆ ಮನೆಯ ವಿಮೆಯೂ ಪರಿಹಾರ ಕೊಡುವುದಿಲ್ಲ. ಹಾಗಾಗಿ ಸಹಿ ಹಾಕುವ ಮೊದಲು ಕೆಲವು ಪ್ರಶ್ನೆಗಳಿಗೆ ಬರಹದಲ್ಲೇ ಉತ್ತರ ಪಡೆಯಬೇಕು. ಎಎಂಸಿ ದರ ವರ್ಷಕ್ಕೆ ಎಷ್ಟಕ್ಕಿಂತ ಹೆಚ್ಚು ಏರುವುದಿಲ್ಲ? ಬಿಡಿಭಾಗವೂ ಸೇರಿದ ಕಾಂಪ್ರಹೆನ್ಸಿವ್ ಒಪ್ಪಂದ ಎಂದರೆ ಅದರಿಂದ ಹೊರಗಿಟ್ಟ ಭಾಗಗಳು ಯಾವುವು? ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ? ಸರ್ವಿಸ್ ತಂಡ ಉಡುಪಿಯಲ್ಲಿದೆಯೇ, ಮಂಗಳೂರಿನಲ್ಲಿದೆಯೇ, ಕರೆದ ಎಷ್ಟು ಗಂಟೆಯೊಳಗೆ ಎರ್ಮಾಳಿಗೆ ಬರುತ್ತದೆ? ಕಂಪನಿ ಮುಚ್ಚಿದರೆ ಕಂಟ್ರೋಲರಿನ ಪಾಸ್‌ವರ್ಡ್ ಮನೆಯವರ ಕೈಗೆ ಬರುತ್ತದೆಯೇ? ಇವಕ್ಕೆ ನೇರ ಉತ್ತರ ಕೊಡದ ಕಂಪನಿ ಐವತ್ತು ಸಾವಿರ ಕಡಿಮೆ ಮಾಡಿದರೂ ಅದು ಅಗ್ಗವಲ್ಲ.

ಹಾಗಾದರೆ ದಿನಕ್ಕೆ 200 ತೆಗೆದಿಡಲಾಗದವರ ಹಿರಿಯರು ಮೆಟ್ಟಿಲು ಹತ್ತುತ್ತಲೇ ಇರಬೇಕೇ ಎಂಬುದು ನ್ಯಾಯವಾದ ಪ್ರಶ್ನೆ. ಅವರಿಗೆ ಲಿಫ್ಟಿಗಿಂತ ಒಳ್ಳೆಯ ದಾರಿಯೇ ಇದೆ. ನೆಲಮಹಡಿಯಲ್ಲೇ ಕಡಲ ಗಾಳಿ ಬರುವ ಕಡೆ ಒಂದು ಮಲಗುವ ಕೋಣೆ, ಅದಕ್ಕೆ ತಾಗಿ ಜಾರದ ಟೈಲ್ಸಿನ, ಹಿಡಿಕೆಗಳಿರುವ, ಗಾಲಿಕುರ್ಚಿ ತಿರುಗುವಷ್ಟು ಅಗಲದ ಸ್ನಾನದ ಮನೆ, ಜಗುಲಿಗೆ ಮೆಟ್ಟಿಲಿನ ಜೊತೆ ಒಂದು ಇಳಿಜಾರು. ಇವಕ್ಕೆ ಎಎಂಸಿ ಇಲ್ಲ, ಸಿಡಿಲಿನ ಭಯವಿಲ್ಲ, ಕರೆಂಟು ಹೋದರೂ ಇವು ನಿಲ್ಲುವುದಿಲ್ಲ. ನಾಳೆ ಅನುಕೂಲವಾದರೆ ಇರಲಿ ಎಂದು ಮೆಟ್ಟಿಲಿನ ಪಕ್ಕ ಐದಡಿ ಜಾಗ ಬಿಟ್ಟು, ಮೇಲೂ ಕೆಳಗೂ ಅದನ್ನು ಕಪಾಟಾಗಿ ಬಳಸಬಹುದು. ಲಿಫ್ಟ್ ಕೂರಿಸುವವರಿಗೂ ಕೆಳಗೊಂದು ಇಂಥ ಕೋಣೆ ಬೇಕೇ ಬೇಕು. ಯಾವ ಯಂತ್ರವಾದರೂ ಕೆಲವು ದಿನ ನಿಲ್ಲುತ್ತದೆ. ಆ ದಿನಗಳಲ್ಲಿ ಹಿರಿಯರು ಎಲ್ಲಿ ಮಲಗುತ್ತಾರೆ ಎಂದು ಯೋಚಿಸದ ನಕ್ಷೆ ಅಪೂರ್ಣ.

ಮನೆ ಕಟ್ಟುತ್ತಿರುವವರಲ್ಲಿ ನನ್ನ ವಿನಂತಿ ಇಷ್ಟೇ. ಲಿಫ್ಟಿನ ಮುಂಗಡ ಕೊಡುವ ಆರು ತಿಂಗಳು ಮೊದಲೇ, ಗೋಡೆ ಏಳುತ್ತಿರುವಾಗಲೇ, ಅದರ ಹೆಸರಲ್ಲಿ ಒಂದು ಪಿಗ್ಮಿ ತೆರೆದು ದಿನಕ್ಕೆ 200 ರೂಪಾಯಿ ಕಟ್ಟಿ ನೋಡಿ. ಆರು ತಿಂಗಳಿಗೆ 36,000 ರೂಪಾಯಿ ಆಗುತ್ತದೆ. ಮೊದಲ ಎಎಂಸಿ 30,000, ಜಿಎಸ್‌ಟಿ ಸೇರಿ 35,400. ಒಂದು ದಿನವೂ ತಪ್ಪದೆ ಕಟ್ಟಲು ಸಾಧ್ಯವಾಯಿತೇ, ಧೈರ್ಯವಾಗಿ ಲಿಫ್ಟ್ ತನ್ನಿ, ಅದನ್ನು ಸಾಕುವ ಶಕ್ತಿ ನಿಮ್ಮ ಮನೆಗಿದೆ. ಕಟ್ಟುವುದು ಕಷ್ಟವಾಯಿತೇ, ಆ 36,000 ರೂಪಾಯಿಯಲ್ಲಿ ಅಮ್ಮನ ಕೆಳಗಿನ ಕೋಣೆಯ ಕೆಲಸ ಶುರುಮಾಡಿ.